ಹಣೆಗೆರೆಗೆ ಬೊಟಾಕ್ಸ್: ಎಲ್ಲಿ ಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ

ರೇಟಿಂಗ್: 4/5. ಕಳೆದ ಒಂದು ಅಂಕ ಔಷಧಿಗಲ್ಲ, ಅದನ್ನು ಹಾಕುವ ರೀತಿಗೆ.

ಬೊಟಾಕ್ಸ್ ಎಂದರೆ ಸ್ನಾಯುವನ್ನು ಸಡಿಲಿಸುವ ಚುಚ್ಚುಮದ್ದು. ಹಾಕಿಸಿಕೊಳ್ಳುವ ಮುಂಚೆ ಕನ್ನಡಿ ಮುಂದೆ ಹುಬ್ಬು ಗಂಟಿಕ್ಕಿ, ಆಮೇಲೆ ಮುಖ ಸಡಿಲ ಬಿಡಿ. ಗಂಟಿಕ್ಕಿದಾಗ ಮೂಡಿ ಬಿಟ್ಟಾಗ ಮಾಯವಾಗುವ ಗೆರೆಗೆ ಬೊಟಾಕ್ಸ್ ಸರಿಯಾದ ಮದ್ದು. ಬಿಟ್ಟ ಮೇಲೂ ಉಳಿಯುವ ಗೆರೆ ಸ್ವಲ್ಪ ಮಸುಕಾದೀತು, ಪೂರ್ತಿ ಅಳಿಯುವುದಿಲ್ಲ. ಅದಕ್ಕೆ ರಾತ್ರಿ ಹೊತ್ತು ಕಡಲೆಕಾಳಿನಷ್ಟು ಟ್ರೆಟಿನೊಯಿನ್ (ವಿಟಮಿನ್ ಎ ಬಗೆಯ ಔಷಧಿ) ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚುವುದೇ ಮೇಲು (ಗರ್ಭಿಣಿಯರಿಗೆ ಅದೂ ಬೇಡ, ಇದೂ ಬೇಡ).

ಚುಚ್ಚಿಸಿಕೊಂಡ ದಿನ ಏನೂ ಕಾಣುವುದಿಲ್ಲ. ಸ್ನಾಯುವಿಗೆ ‘ಬಿಗಿ’ ಎಂದು ಹೇಳಲು ನರ ಕಳಿಸುವ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕ ನಿಧಾನಕ್ಕೆ ನಿಲ್ಲಬೇಕಲ್ಲ. ಎರಡು ಮೂರು ದಿನಕ್ಕೆ ಶುರುವಾಗಿ, ಸುಮಾರು ಎರಡು ವಾರಕ್ಕೆ ಪೂರ್ತಿ ಹಿಡಿದು, 3–4 ತಿಂಗಳಿಗೆ ಇಳಿಯುತ್ತದೆ. ಐದನೇ ದಿನ ‘ಒಂದು ಕಡೆ ಹತ್ತಿಲ್ಲ’ ಎಂದು ಮತ್ತೆ ಚುಚ್ಚಿಸಲು ಓಡಿದವರೇ ಆಮೇಲೆ ಮುಖ ಬಿಗಿದುಕೊಂಡಿದೆ ಎಂದು ದೂರುವುದು.

ಲೆಕ್ಕ ಯೂನಿಟ್‌ನಲ್ಲಿ (ಔಷಧಿಯ ಬಲದ ಅಳತೆ) ಇರಲಿ, ಸಿರಿಂಜ್‌ನಲ್ಲಲ್ಲ. ಹುಬ್ಬುಗಳ ನಡುವೆ 5 ಜಾಗ, ತಲಾ 4, ಒಟ್ಟು 20 ಯೂನಿಟ್. ಕಣ್ಣಂಚಿಗೆ ಎರಡೂ ಕಡೆ ಸೇರಿ 24. 100 ಯೂನಿಟ್ ವಯಲ್‌ಗೆ (ಔಷಧಿಯ ಸೀಸೆಗೆ) 2.5 ಮಿ.ಲೀ. ಸಲೈನ್ ಬೆರೆಸಿದರೆ 0.1 ಮಿ.ಲೀ.ಗೆ 4 ಯೂನಿಟ್ ಬರುತ್ತದೆ. ನೀರು ಜಾಸ್ತಿಯಾದ ಔಷಧಿಯನ್ನು ಇದೇ ಅಳತೆಯಲ್ಲಿ ಚುಚ್ಚಿದರೆ ಎರಡು ತಿಂಗಳೂ ನಿಲ್ಲದೆ ಹೋಗಬಹುದು. ಹಾಗಾಗಿ ವಯಲ್ ಕಣ್ಣೆದುರೇ ತೆರೆಯಲು ಕೇಳಿ, ಸಂಕೋಚ ಬೇಡ. ಇದೇ ಬಗೆಯ ಇನ್ನೊಂದು ಬ್ರ್ಯಾಂಡ್ ಡಿಸ್ಪೋರ್ಟ್ ಆದರೆ ಅದರ ಯೂನಿಟ್ಟೇ ಬೇರೆ: ಹುಬ್ಬುಗಳ ನಡುವಿನ ಜಾಗಕ್ಕೇ 50.

ಹೆಚ್ಚು ಕೆಡುವುದು ಹಣೆಯಲ್ಲಿ. ಹುಬ್ಬನ್ನು ಮೇಲೆತ್ತುವ ಸ್ನಾಯು ಹಣೆಯದೊಂದೇ. ಕೆಳಕ್ಕೆ ಎಳೆಯುವವು ಹುಬ್ಬುಗಳ ನಡುವೆಯೂ ಕಣ್ಣಿನ ಸುತ್ತಲೂ ಇವೆ. ಹಣೆಗೆ ಮಾತ್ರ ಹಾಕಿ ಹುಬ್ಬುಗಳ ನಡುವೆ ಬಿಟ್ಟರೆ ಎತ್ತುವವನು ಮಲಗಿದ, ಎಳೆಯುವವರು ಎದ್ದೇ ಇದ್ದಾರೆ. ಹುಬ್ಬು ಇಳಿದು ಕಣ್ಣು ಭಾರವಾಗುತ್ತದೆ. ಅದಕ್ಕೇ ಹಣೆಯ 20 ಯೂನಿಟ್ ಅನ್ನು ಹುಬ್ಬುಗಳ ನಡುವಿನ 20ರ ಜೊತೆಗೇ ಕೊಡುವುದು. ಹಣೆ ಮಧ್ಯೆ ಮಾತ್ರ ಹಾಕಿದರೆ ಹುಬ್ಬಿನ ಹೊರತುದಿ ಬಾಣದಂತೆ ಮೇಲೇಳುತ್ತದೆ. ಎರಡು ವಾರ ಬಿಟ್ಟು ಆ ತುದಿಯ ಮೇಲಿನ ಹಣೆಗೆ 1–2 ಯೂನಿಟ್ ಹಾಕಿದರೆ ಸರಿಹೋಗುತ್ತದೆ.

ರೆಪ್ಪೆ ಜೋತು ಬೀಳುವುದು ಬೇರೆ ತೊಂದರೆ. ಔಷಧಿ ರೆಪ್ಪೆ ಎತ್ತುವ ಸ್ನಾಯುವಿಗೆ ಹರಿದರೆ ಹೀಗಾಗುತ್ತದೆ. ಕಣ್ಣುಗುಳಿಯ ಎಲುಬಿನಂಚಿನಿಂದ 1 ಸೆಂ.ಮೀ. ಮೇಲೆಯೇ ಚುಚ್ಚುವುದು ಇದಕ್ಕಾಗಿ. ಆದದ್ದು ಆದ ಮೇಲೆ ಕಾಯಲೇಬೇಕು. ವಾರಗಳಲ್ಲಿ ತಾನಾಗಿ ಬಿಡುತ್ತದೆ. ವೈದ್ಯರು ಕೊಡುವ ಅಪ್ರಾಕ್ಲೊನಿಡಿನ್ ಹನಿ ಅಷ್ಟರವರೆಗೆ ರೆಪ್ಪೆಯನ್ನು ಒಂದೆರಡು ಮಿ.ಮೀ. ಎತ್ತಿ ಹಿಡಿಯುತ್ತದೆ. ಚುಚ್ಚಿಸಿಕೊಂಡ ದಿನ ಹಣೆ ಉಜ್ಜುವುದು, ಫೇಶಿಯಲ್, ಜಿಮ್ ಬೇಡ. ಚುಚ್ಚಿಸಿಕೊಂಡ ಮೇಲೆ ನಾಲ್ಕು ಗಂಟೆ ಕಾಲ ಮಲಗಬೇಡಿ.

ಮಯಸ್ತೇನಿಯಾ ಗ್ರೇವಿಸ್ (ಸ್ನಾಯುಗಳು ಬೇಗ ಸೋಲುವ ಕಾಯಿಲೆ) ಇದ್ದವರು ವೈದ್ಯರಿಗೆ ಮೊದಲೇ ಹೇಳಬೇಕು. ಚುಚ್ಚಿಸಿಕೊಂಡ ಮೇಲೆ ಯಾರಿಗೇ ಆಗಲಿ ನುಂಗಲು, ಉಸಿರಾಡಲು ಕಷ್ಟವಾದರೆ ನೇರ ಆಸ್ಪತ್ರೆಗೆ.

ಮೂಗಿನ ಪಕ್ಕದಿಂದ ಬಾಯಿಗಿಳಿಯುವ ಗೆರೆಗೆ ಬೊಟಾಕ್ಸ್ ಅಲ್ಲ, ಫಿಲ್ಲರ್ (ಚರ್ಮದಡಿ ತುಂಬುವ ಜೆಲ್). ಹಯಲುರಾನಿಕ್ ಆಸಿಡ್‌ನದ್ದೇ ಇರಲಿ, ಅದನ್ನು ಕರಗಿಸುವ ಹಯಲುರಾನಿಡೇಸ್ ಎಂಬ ಔಷಧಿ ಕ್ಲಿನಿಕ್‌ನಲ್ಲೇ ಇದೆಯೇ ಎಂದು ಮೊದಲು ಕೇಳಿ. ಫಿಲ್ಲರ್ ಹಾಕಿದ ಮೇಲೆ ಚರ್ಮ ಬಿಳಚಿ ನೋವು ಏರಿದರೆ, ಕಣ್ಣು ಮಂಜಾದರೆ, ಒಂದು ನಿಮಿಷವೂ ಕಾಯುವಂತಿಲ್ಲ.

ಪ್ರತಿ ಸಲವೂ ಬ್ರ್ಯಾಂಡ್, ಬ್ಯಾಚ್, ಯಾವ ಜಾಗಕ್ಕೆ ಎಷ್ಟು ಯೂನಿಟ್ ಎಂದು ಬರೆಸಿಕೊಳ್ಳಿ. ಮುಂದೆ ಬೇರೆ ವೈದ್ಯರ ಬಳಿ ಹೋದರೂ ಆ ಚೀಟಿ ನೋಡಿಯೇ ಶುರು ಮಾಡಬಹುದು.