ಯೂವರ್ಶನ್ ಬೈಬಲ್ ಆಪ್: ಮನೆ ಪ್ರಾರ್ಥನೆಗೆ ಬೇಕು, ಆದಿತ್ಯವಾರದ ಆರಾಧನೆಗೆ ಬೇಡ

ನಾನು ಕೇರಳದ ಗಡಿಯ ಮಂಜೇಶ್ವರ ಕಡೆಯ ಒಂದು ಸಣ್ಣ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಸಭಾಪಾಲಕ. ಈ ಆಪ್ ಹಾಕ್ಬಹುದಾ ಅಯ್ಯನೋರೇ ಅಂತ ಸಭೆಯವರು ಕೇಳ್ತಾ ಇರ್ತಾರೆ, ಹಾಗಾಗಿ ಉಪಯೋಗಿಸಿ ನೋಡಿ ಅನಿಸಿದ್ದನ್ನು ಬರೀತಿದ್ದೇನೆ. ಹಾಕಿ. ಮನೆ ಪ್ರಾರ್ಥನೆಗೆ ನಮ್ಮಂಥ ಗಡಿ ಊರಿನವರಿಗೆ ಇಷ್ಟು ಉಪಯೋಗ ಆದದ್ದು ಬೇರೆ ನಾನು ಕಂಡಿಲ್ಲ.

ಅಮೆರಿಕದ ಒಕ್ಲಹೋಮಾದ ಲೈಫ್ ಚರ್ಚ್‌ನವರು 2008ರಲ್ಲಿ ಬಿಟ್ಟ ಆಪ್ ಇದು. ದುಡ್ಡು ಕೊಡ್ಲಿಕ್ಕಿಲ್ಲ, ಜಾಹೀರಾತೂ ಇಲ್ಲ. ಕನ್ನಡದಲ್ಲಿ ಬೈಬಲ್ ಸೊಸೈಟಿಯ ಹಳೇ ಭಾಷಾಂತರ, ಅಂದ್ರೆ ಹಳೇ ಸತ್ಯವೇದ ಉಂಟು, ಹಿರಿಯರಿಗೆ ಬಾಯಿಪಾಠ ಇರುವುದು ಅದೇ. ಅದರ ಜೊತೆ ಹುಡುಗ್ರಿಗೆ ಬೇಗ ಅರ್ಥ ಆಗುವ ಹೊಸ ಭಾಷಾಂತರಗಳೂ ಉಂಟು.

ನಮ್ಮ ಕಡೆ ಮನೆಗಳು ಹೇಗೆ ಅಂತ ಗೊತ್ತುಂಟಲ್ಲ, ಅಜ್ಜಿ ಓದುವುದು ಕನ್ನಡ, ಮನೆಯೊಳಗೆ ಮಾತು ತುಳು, ಸೊಸೆ ಕಣ್ಣೂರು ಕಡೆಯವಳಾದ್ರೆ ಅವಳಿಗೆ ಮಲಯಾಳ ಬಿಟ್ರೆ ಬೇರೆ ಅಕ್ಷರ ಬರುದಿಲ್ಲ, ಮಕ್ಕಳು ಇಂಗ್ಲಿಷ್ ಮೀಡಿಯಂ. ಮನೆ ಪ್ರಾರ್ಥನೆಯಲ್ಲಿ ಒಬ್ಬೊಬ್ಬರು ಒಂದೊಂದು ವಚನ ಓದುವ ಕ್ರಮ ನಮ್ಮದು, ಸೊಸೆಯ ಸರದಿ ಬಂದಾಗ ಪುಸ್ತಕ ಅವಳನ್ನು ದಾಟಿ ಪಕ್ಕದವರಿಗೆ ಹೋಗ್ತಿತ್ತು, ಅವಳು ತಲೆ ತಗ್ಗಿಸಿ ಕೂತಿರ್ತಿದ್ದಳು, ಅದನ್ನು ಎಷ್ಟೋ ಮನೆಯಲ್ಲಿ ನೋಡಿ ನನಗೆ ಸಂಕಟ ಆಗಿದೆ. ಈಗ ಅದೇ ಆಪ್‌ನಲ್ಲಿ ಅವಳು ಮಲಯಾಳ ತೆಗೀತಾಳೆ, ಅಧ್ಯಾಯ ವಚನ ಎಲ್ಲ ಅದೇ ನಂಬರು, ಅಜ್ಜಿ ಕನ್ನಡದಲ್ಲಿ ನಿಲ್ಲಿಸಿದಲ್ಲಿಂದ ಅವಳು ಮುಂದುವರಿಸ್ತಾಳೆ. ಪವಿತ್ರಾತ್ಮ ಇಳಿದು ಬಂದ ಪಂಚಾಶತ್ತಮ ದಿನ ಯೆರೂಸಲೇಮಿನಲ್ಲಿ ನೆರೆದವರು ಅವರವರ ಭಾಷೆಯಲ್ಲೇ ದೇವರ ಮಹತ್ತುಗಳನ್ನು ಕೇಳಿದ್ರು ಅಂತ ಅಪೊಸ್ತಲರ ಕೃತ್ಯಗಳ ಎರಡನೇ ಅಧ್ಯಾಯದಲ್ಲಿ ಉಂಟಲ್ಲ, ನಾನು ಪ್ರಸಂಗದಲ್ಲಿ ಅದನ್ನು ವಿವರಿಸುವುದಕ್ಕಿಂತ ಆ ಮನೆಯಲ್ಲಿ ಕೂತು ಕೇಳುವುದೇ ಹೆಚ್ಚು.

ಆಡಿಯೋ ಕೂಡ ಒಳ್ಳೇದು. ಭಾಷಾಂತರಗಳ ಪಟ್ಟಿಯಲ್ಲಿ ಸ್ಪೀಕರ್ ಗುರುತು ಇದ್ದದ್ದನ್ನು ಆರಿಸ್ಬೇಕು. ಕಣ್ಣಿಗೆ ಪೊರೆ ಬಂದವರು, ದೇರಳಕಟ್ಟೆಯಲ್ಲೋ ಪರಿಯಾರಂನಲ್ಲೋ ಆಸ್ಪತ್ರೆಯಲ್ಲಿ ಮಲಗಿದವರು ರಾತ್ರಿ ನಿದ್ದೆ ಬಾರದಾಗ ಕೇಳ್ತಾರೆ. ನಂಬಿಕೆ ಕೇಳುವುದರಿಂದ ಬರ್ತದೆ ಅಂತ ಪೌಲ ರೋಮಾಪುರದವರಿಗೆ ಬರೆದದ್ದು ಇವತ್ತಿಗೂ ನಿಜವೇ.

ಕೊರತೆಗಳೂ ಉಂಟು. ಎಲ್ಲ ಭಾಷಾಂತರ ಡೌನ್‌ಲೋಡ್ ಆಗುದಿಲ್ಲ, ನೆಟ್ ಇಲ್ಲದಲ್ಲಿ ಕಷ್ಟ. ಓದುವ ಪ್ಲ್ಯಾನ್‌ಗಳು ಎಷ್ಟಿದ್ರೂ ನಮ್ಮ ಸಿಎಸ್‌ಐ ಪಂಚಾಂಗದ ಆದಿತ್ಯವಾರದ ಪಾಠಗಳಿಗೂ ಅದಕ್ಕೂ ಹೊಂದಾಣಿಕೆ ಇಲ್ಲ, ಕ್ರಿಸ್ಮಸ್‌ಗೆ ಮೊದಲಿನ ಆಗಮನ ಕಾಲ ಬಂದ್ರೂ ಈಸ್ಟರ್‌ಗೆ ಮೊದಲಿನ ಶ್ರಮೆಯ ಕಾಲ ಬಂದ್ರೂ ಸಭೆ ಒಂದು ಕಡೆ, ಆಪ್ ಒಂದು ಕಡೆ. ಎಷ್ಟು ದಿನ ಬಿಡದೆ ಓದಿದ್ರಿ ಅಂತ ಸ್ಟ್ರೀಕ್ ಲೆಕ್ಕ ಇಡ್ತದೆ, ಅದು ತಪ್ಪಿದ್ದಕ್ಕೆ ದೇವರ ಹತ್ರ ತಪ್ಪು ಮಾಡಿದ ಹಾಗೆ ಬೇಜಾರು ಮಾಡ್ಕೊಳ್ಳುವ ಯುವಕರಿದ್ದಾರೆ. ದಯವಿಟ್ಟು ಹಾಗೆ ಎಣಿಸ್ಬೇಡಿ, ಆ ನಂಬರು ನಿಮ್ಮ ಭಕ್ತಿಯ ಅಳತೆ ಅಲ್ಲ.

ನನ್ನ ದೊಡ್ಡ ತಕರಾರು ದಿನದ ವಚನದ್ದು. ಒಂದೇ ವಚನ ಚಂದದ ಚಿತ್ರದ ಮೇಲೆ ಬರ್ತದೆ, ವಾಟ್ಸಾಪಿಗೆ ಹೋಗ್ತದೆ. ನಿಮ್ಮ ಬಗ್ಗೆ ನನ್ನದು ಹಿತದ ಯೋಚನೆ, ನಿಮಗೆ ನಿರೀಕ್ಷೆ ಕೊಡ್ತೇನೆ ಅಂತ ದೇವರು ಹೇಳುವ ಯೆರೆಮೀಯ 29:11 ಪರೀಕ್ಷೆ ರಿಸಲ್ಟ್ ಸಮಯದಲ್ಲಿ ಎಲ್ಲ ಗ್ರೂಪಿನಲ್ಲೂ ಓಡ್ತದೆ. ಆದ್ರೆ ಅದು ಬಾಬೆಲಿಗೆ ಸೆರೆ ಹೋದವರಿಗೆ ಬರೆದ ಪತ್ರ, ಹಿಂದಿನ ವಚನದಲ್ಲೇ 70 ವರ್ಷ ಅಂತ ಉಂಟು, ಅದಕ್ಕೂ ಮೊದಲು ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣದ ಒಳಿತಿಗೆ ಪ್ರಾರ್ಥಿಸಿ ಅಂತ ಉಂಟು. 1956ರಲ್ಲಿ ಕೇರಳಕ್ಕೆ ಸೇರಿ ಅಂದಿನಿಂದ ಬೇರೆ ಭಾಷೆಯ ಆಡಳಿತದಲ್ಲಿ ಬದುಕುವ ನಮಗೆ ಈ ಪೂರ್ತಿ ಪತ್ರ ಬೇಕು, ಒಂದು ಸಾಲು ಸಾಕಾಗುದಿಲ್ಲ. ಚಿತ್ರ ಕಳಿಸುವ ಮೊದಲು ಅಧ್ಯಾಯ ತೆರೆದು ಓದಿ, ಆಪ್‌ನಲ್ಲೇ ಉಂಟು.

ಆದಿತ್ಯವಾರ ಮಾತ್ರ ಫೋನ್ ಬ್ಯಾಗಿನಲ್ಲಿರಲಿ. ಪಾಠ ಓದುವಾಗ ಎಲ್ಲರೂ ಒಂದೇ ಸ್ವರವನ್ನು ಒಟ್ಟಿಗೆ ಕೇಳ್ಬೇಕು, ಅಷ್ಟು ಹೊತ್ತಾದ್ರೂ ಯಾವ ಮೆಸೇಜೂ ಬರ್ಬಾರ್ದು. ಆಪ್ ಸೆಟ್ ಮಾಡ್ಲಿಕ್ಕೆ ಗೊತ್ತಾಗದವರು ಆರಾಧನೆ ಮುಗಿದ ಮೇಲೆ ಫೋನ್ ತನ್ನಿ, ಹಳೇ ಸತ್ಯವೇದ ಹಾಕಿ ಅಕ್ಷರ ದೊಡ್ಡ ಮಾಡಿ ಕೊಡ್ತೇನೆ.