ಹಕ್ಕಿ ಓಡಿಸಲು ಜಗಲಿಗೆ ನೀರಿನ ಸ್ಪ್ರೇಯರ್ ಹಾಕಿಸುವ ಮುನ್ನ

ಪಾರಿವಾಳದ ಹಿಕ್ಕೆ ಉಜ್ಜಿ ಉಜ್ಜಿ ಸಾಕಾದವರ ಕಣ್ಣು ಮೊದಲು ಹೋಗುವುದು ಸೆನ್ಸರ್ ಇರುವ ನೀರಿನ ಸ್ಪ್ರೇಯರ್ ಮೇಲೆ. ಹಕ್ಕಿ ಬಂದರೆ ತಾನಾಗಿ ಐದು ಸೆಕೆಂಡು ನೀರು ಚಿಮ್ಮುತ್ತದೆ, ಹಕ್ಕಿ ಹಾರುತ್ತದೆ, ಕೇಳಲು ಚಂದ. ತೋಟಕ್ಕೆಂದು ಮಾಡಿದ ಈ ಸಾಮಾನನ್ನು ಜಗಲಿಗೆ ತಂದರೆ ಏನಾಗುತ್ತದೆ ಎಂಬುದಕ್ಕೆ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಹಂಚಿನ ಮನೆಯ ಪಾಡು ಸಾಕು. ಫೆಬ್ರವರಿಯಲ್ಲಿ ಹಾಕಿದ್ದನ್ನು ಮೇ ತಿಂಗಳಲ್ಲಿ ಬಿಚ್ಚಿಟ್ಟಿದ್ದಾರೆ.

ಮೊದಲ ತಪ್ಪು ಒತ್ತಡದ ಲೆಕ್ಕದಲ್ಲಿ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಬಚ್ಚಲುಮನೆಯ ತಾರಸಿಯ ಮೇಲಿನ ಟ್ಯಾಂಕಿಗೂ ಸ್ಪ್ರೇಯರಿಗೂ ಇದ್ದ ಅಂತರ ಎರಡೇ ಮೀಟರ್, ಅಂದರೆ 0.2 ಬಾರ್. ಇಂಥ ಸ್ಪ್ರೇಯರ್ ಸರಿಯಾಗಿ ಚಿಮ್ಮಲು 2 ಬಾರ್ ಆದರೂ ಬೇಕು. ಸೆನ್ಸರ್ ಹೇಳಿದಾಗ ಕರೆಂಟಿನಿಂದ ನೀರು ಬಿಡುವ, ನಿಲ್ಲಿಸುವ ಸೊಲೆನಾಯ್ಡ್ ವಾಲ್ವಿನ ರಬ್ಬರ್ ಪೊರೆಯನ್ನು ಗಟ್ಟಿಯಾಗಿ ಒತ್ತಿ ಹಿಡಿಯುವುದೂ ನೀರಿನ ಒತ್ತಡವೇ. ಅದು ಸಾಲದಿದ್ದರೆ ವಾಲ್ವ್ ಪೂರ್ತಿ ತೆರೆಯುವುದೂ ಇಲ್ಲ, ಪೂರ್ತಿ ಮುಚ್ಚುವುದೂ ಇಲ್ಲ. ಸಾಲದ್ದಕ್ಕೆ ಕೊಳವೆಬಾವಿಯ ಕಬ್ಬಿಣದ ನೀರು. ಬಕೆಟಿನ ತಳ ಕೆಂಪಾಗಿಸುವ ಅದೇ ಕಿಟ್ಟ ಪೊರೆಯ ಅಡಿ ಕೂತಿತು, ಹನಿ ನಿಲ್ಲಲಿಲ್ಲ. ಗಂಟೆಗೆ ಐದು ಲೀಟರ್ ಸೋರಿದರೆ ದಿನಕ್ಕೆ 120 ಲೀಟರ್. ಬಾವಿ ತಳ ಕಾಣುವ ಏಪ್ರಿಲಿನಲ್ಲಿ!

ಒತ್ತಡ ಸಾಲದೆಂದು, ಪೈಪಿನ ಒತ್ತಡ ಇಳಿದರೆ ತಾನಾಗಿ ಏಳಿಸುವ ಪ್ರೆಶರ್ ಸ್ವಿಚ್ ಇರುವ ಅರ್ಧ ಎಚ್‌ಪಿ ಪಂಪ್ ಸೇರಿಸಿದರು. ಸೋರುವ ವಾಲ್ವನ್ನು ಬದಲಿಸದೆ ಪಂಪ್ ಸೇರಿಸಿದರೆ ಆಗುವುದು ಒಂದೇ: ಸೋರಿದಂತೆ ಪೈಪಿನ ಒತ್ತಡ ಇಳಿಯುತ್ತದೆ, ಪಂಪ್ ಏಳುತ್ತದೆ, ನಿಲ್ಲುತ್ತದೆ, ಮತ್ತೆ ಏಳುತ್ತದೆ. ರಾತ್ರಿಯಿಡೀ.

ಇನ್ನು ಸೆನ್ಸರ್. ಅದು ನೋಡುವುದು ಹಕ್ಕಿಯನ್ನಲ್ಲ, ಹಿನ್ನೆಲೆಗಿಂತ ಬೇರೆ ಬಿಸಿಯ ವಸ್ತು ಅಲುಗಿದ್ದನ್ನು. ಮಧ್ಯಾಹ್ನ ಹಂಚು, ಅದನ್ನು ಹೊರುವ ಮರದ ಪಕ್ಕಾಸು, ಗೋಡೆ ಎಲ್ಲ ಕಾದಿರುವಾಗ ಪಕ್ಕಾಸಿನ ಮೇಲಿನ ಪಾರಿವಾಳ ಅದಕ್ಕೆ ಕಾಣುವುದೇ ಕಷ್ಟ; ಗರಿಯ ಹೊರಮೈ ಒಳಮೈಯಷ್ಟು ಬಿಸಿ ಇರುವುದಿಲ್ಲ. ಬೆಳಗಿನ ತಂಪಿನಲ್ಲಿ ಮನುಷ್ಯರು ಮಾತ್ರ ಚೆನ್ನಾಗಿ ಕಾಣುತ್ತಾರೆ. ಹಾಗಾಗಿ ತಪ್ಪದೆ ನೆನೆದವನು ಪೇಪರ್ ಹಾಕುವ ಹುಡುಗ.

ಹಕ್ಕಿಗಳಾದರೂ ಹೆದರಿದವೇ? ಮೊದಮೊದಲು ಹೆದರಿದವು. ಬಿಸಿಲು ಏರಿದ ಮೇಲೆ ಕಾಗೆ, ಮೈನಾಗಳು ನೀರು ನಿಂತ ಮೆಟ್ಟಿಲಿಗೆ ಮೀಯಲು ಬಂದವು, ಪಾರಿವಾಳ ರೆಕ್ಕೆ ಎತ್ತಿ ತುಂತುರಿಗೆ ಒಡ್ಡಿ ಕೂತಿತು. (ತಿಥಿಯ ದಿನ ಕರೆದು ಕರೆದು ಗಂಟಲು ಒಣಗಿದರೂ ಬಾರದ ಕಾಗೆ ಇದಕ್ಕೆ ಸಮಯಕ್ಕೆ ಸರಿಯಾಗಿ ಬರುತ್ತದೆ.)

ನಿಜವಾದ ಅಪಾಯ ಕರೆಂಟಿನದು. ನಮ್ಮ ಕಡೆ ಮೀಟರ್ ಪೆಟ್ಟಿಗೆ ಇರುವುದೇ ಸಿಟೌಟ್ ಗೋಡೆಯಲ್ಲಿ, ಪಕ್ಕದಲ್ಲೇ ಸ್ವಿಚ್‌ಬೋರ್ಡ್. ತುಂತುರು ಗಾಳಿಗೆ ತಿರುಗಿ ಒಳಗೆ ಇಳಿದರೆ ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ 30 ಮಿಲಿಆಂಪಿನ ಇಎಲ್‌ಸಿಬಿ ಸ್ವಿಚ್ ಬೀಳುತ್ತದೆ. ಬಿದ್ದದ್ದನ್ನು ಒತ್ತಿ ಒತ್ತಿ ಮೇಲೆತ್ತಬೇಡಿ. ಮೈನ್ ಆಫ್ ಇಟ್ಟು ವೈರ್‌ಮನ್ ಕರೆಸಿ.

ಗಿಲಾವು ಮಾಡದ ಮುರಕಲ್ಲಿನ ಗೋಡೆ ನೀರು ಕುಡಿದು ಹಸಿರು ಕಟ್ಟಿತು, ರೆಡ್ ಆಕ್ಸೈಡ್ ನೆಲ ಜಾರತೊಡಗಿತು. ಹಿಕ್ಕೆ ಹೋಗಲಿಲ್ಲ, ಕರಗಿ ಹರಡಿತು. ಹೂವಿನ ಚಟ್ಟಿಗಳ ತಟ್ಟೆಯಲ್ಲಿ ನಿಂತ ನೀರಿಗೆ ಸೊಳ್ಳೆ ಮೊಟ್ಟೆ ಇಟ್ಟರೆ ಹಾರುವ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು.

ಹಾಕಿಸಲೇಬೇಕೆಂದರೆ ಸ್ಪ್ರೇಯರನ್ನು ಅಂಗಳದಲ್ಲಿ ನೆಟ್ಟು, ಗೋಡೆಗೆ ಬೆನ್ನು ಮಾಡಿ, ಹೊರಗಿನಿಂದ ಹಕ್ಕಿ ಬರುವ ದಾರಿಗೆ ತಿರುಗಿಸಿ. ವಾಲ್ವಿಗಿಂತ ಮೊದಲು 120 ಮೆಶ್ (ಅಂಗುಲಕ್ಕೆ 120 ಕಣ್ಣಿನ ಜಾಲರಿ) ಸ್ಕ್ರೀನ್ ಫಿಲ್ಟರ್, ಅದಕ್ಕೂ ಮೊದಲು ಕೈಯಲ್ಲಿ ತಿರುಗಿಸುವ ಬಾಲ್ ವಾಲ್ವ್ ಇರಲಿ. ರಾತ್ರಿ ಆ ಬಾಲ್ ವಾಲ್ವನ್ನು ಮುಚ್ಚಿಡಿ.

ಖರ್ಚು ಮಾಡುವ ಮನಸ್ಸಿದ್ದರೆ ಬಲೆಗೆ ಮಾಡಿ. ಪಾರಿವಾಳಕ್ಕೆ 50 ಮಿಲಿಮೀಟರ್ ಕಣ್ಣಿನ ನೈಲಾನ್ ಬಲೆ, ಗುಬ್ಬಚ್ಚಿಯೂ ಬರುವುದಾದರೆ 20 ಮಿಲಿಮೀಟರಿನದು. ಸುತ್ತ ತಂತಿ ಎಳೆದು, ಅಡಿಗೊಂದು ಕೊಕ್ಕೆ ಹಾಕಿ, ತಮಟೆಯ ಹಾಗೆ ಬಿಗಿಯಾಗಿ ಕಟ್ಟಬೇಕು. ಸಡಿಲ ಬಲೆಯಲ್ಲಿ ಹಕ್ಕಿ ಕಾಲು ಸಿಕ್ಕಿ ಸಾಯುತ್ತದೆ. ಗೋಡೆಯ ತಲೆಯ ಮೇಲೆ 45 ಡಿಗ್ರಿಗಿಂತ ಕಡಿದಾಗಿ ಹಲಗೆ ಹೊಡೆದರೆ ಕೂರಲು ಜಾಗವಿಲ್ಲ. ಗೂಡಿದ್ದರೆ ಕಾಯಿರಿ: ಪಾರಿವಾಳದ ಮೊಟ್ಟೆ ಒಡೆಯಲು ಸುಮಾರು 18 ದಿನ, ಮರಿ ಹಾರಲು ಮತ್ತೆ ನಾಲ್ಕೈದು ವಾರ. ಒಣ ಹಿಕ್ಕೆಯನ್ನು ಗುಡಿಸಿ ಧೂಳು ಎಬ್ಬಿಸಬೇಡಿ. ಮಾಸ್ಕ್ ಕಟ್ಟಿ, ತುಸು ನೀರು ಚಿಮುಕಿಸಿ ಹೆರೆದು ತೆಗೆಯಿರಿ.

ಸ್ಪ್ರೇಯರ್ ಬಿಚ್ಚಿದ ಮೇಲೆ ಪೈಪಿನ ಬಾಯಿಗೆ ಎಂಡ್‌ಕ್ಯಾಪ್ ಅಂಟಿಸಿ. ಆ ಮನೆಯಲ್ಲಿ ಸೊಲೆನಾಯ್ಡ್ ವಾಲ್ವನ್ನೇ ಬಿರಡೆಯೆಂದು ನಂಬಿ ಬಿಟ್ಟಿದ್ದರು. ಅದು ಇನ್ನೂ ಹನಿಯುತ್ತಿದೆ.