ಮೀನು ಹಾರದಂತೆ ಮೆಶ್ ಮುಚ್ಚಳ: ಬಲೆ ಚೆನ್ನಾಗಿದೆ, ಮೂಲೆ ಚೆನ್ನಾಗಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಮೇಲೆ ತೆರೆದ ಟ್ಯಾಂಕ್ ಇಟ್ಟುಕೊಂಡವರಿಗೆ ಈ ಮೆಶ್ ಮುಚ್ಚಳದ ಕಿಟ್ ಒಳ್ಳೆಯ ವಸ್ತು. ಆದರೆ ಬಾಕ್ಸಿನಲ್ಲಿ ಬಂದ ಹಾಗೇ ಜೋಡಿಸಿ ಕೂರಿಸಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಫಿಲ್ಟರ್ ಪೈಪಿಗೆ ಅಂತ ಬಿಟ್ಟಿರುವ ಮೂಲೆ ಇದೆಯಲ್ಲ, ತಲೆನೋವೆಲ್ಲ ಅಲ್ಲೇ.

ನನ್ನದು ನಾಲ್ಕು ಅಡಿ ಉದ್ದದ ಟ್ಯಾಂಕ್, ಅಗಲ ಎತ್ತರ ಎರಡೂ ಒಂದೂವರೆ ಅಡಿ, 250 ಲೀಟರ್ ಆಸುಪಾಸು ನೀರು. ಒಳಗಿರುವುದು ಡೆನಿಸನ್ ಬಾರ್ಬ್, ಅಂಗಡಿಗಳಲ್ಲಿ ಮಿಸ್ ಕೇರಳ ಅಂತ ಮಾರುತ್ತಾರಲ್ಲ, ಅದೇ. ಹೆಸರು ಕೇರಳದ್ದಾದರೂ ನಮ್ಮ ಕಡೆಯ ಘಟ್ಟದ ಹೊಳೆಗಳಲ್ಲೂ ಇದೆ. ಹರಿಯುವ ನೀರಿನ ಮೀನು, ಗುಂಪಾಗಿ ಓಡಾಡುತ್ತದೆ, ಒಂದು ಬೆದರಿದರೆ ಎಲ್ಲವೂ ಬೆದರುತ್ತವೆ. ರಾತ್ರಿ ಲೈಟನ್ನು ಫಟ್ ಅಂತ ಆರಿಸಿದರೆ ಸಾಕು, ಯಾವುದೋ ಒಂದು ಮೇಲಕ್ಕೆ ಚಿಮ್ಮುತ್ತದೆ.

ಕಿಟ್‌ನಲ್ಲಿ ಬರುವುದು ಇಷ್ಟು: ತೆಳು ಅಲ್ಯೂಮಿನಿಯಂ ಪಟ್ಟಿ, ಪ್ಲಾಸ್ಟಿಕ್ ಮೂಲೆಗಳು, ಗಾಜಿನ ಅಂಚಿಗೆ ಕೂರುವ ಕ್ಲಿಪ್ಪುಗಳು, ಪಾರದರ್ಶಕ ನೈಲಾನ್ ಬಲೆ, ರಬ್ಬರ್ ಬೀಡಿಂಗ್, ಅದನ್ನು ಒತ್ತಲು ಪುಟ್ಟ ರೋಲರ್. ಕಿಟಕಿಗೆ ಸೊಳ್ಳೆ ಜಾಲರಿ ಹಾಕುವ ಪದ್ಧತಿಯೇ. ಬಲೆಯ ಕಣ್ಣು 6 ಎಂಎಂ. ನನಗೆ 1,900 ರೂಪಾಯಿ ಬಿತ್ತು. ಪಟ್ಟಿಯನ್ನು ಹ್ಯಾಕ್ಸಾದಲ್ಲಿ ಅಳತೆಗೆ ಕತ್ತರಿಸುವುದು ಸುಲಭ. ಕಷ್ಟ ಇರುವುದು ಬಲೆ ಎಳೆಯುವುದರಲ್ಲಿ. ಜಾಸ್ತಿ ಎಳೆದರೆ ಫ್ರೇಮ್ ಒಳಕ್ಕೆ ಬಾಗುತ್ತದೆ, ಸಡಿಲ ಬಿಟ್ಟರೆ ನಡುವೆ ಜೋತು ಬೀಳುತ್ತದೆ. ಮೊದಲು ನಾಲ್ಕೂ ಬದಿಯ ಮಧ್ಯದಲ್ಲಿ ಒಂದೊಂದು ಗೇಣು ಬೀಡಿಂಗ್ ಒತ್ತಿ, ಆಮೇಲೆ ಮೂಲೆಗಳ ಕಡೆಗೆ ಹೋದರೆ ಸರಿಯಾಗಿ ಕೂರುತ್ತದೆ. ಕೊಟ್ಟಿರುವ ಚೀಟಿಯಲ್ಲಿ ಮಾತ್ರ ಮೂಲೆಯಿಂದ ಶುರು ಮಾಡಿ ಅಂತ ಬರೆದಿದ್ದಾರೆ, ಪುಣ್ಯಾತ್ಮರು. ಮೂರು ಅಡಿಗಿಂತ ಉದ್ದದ ಟ್ಯಾಂಕಾದರೆ ನಡುವೆ ಒಂದು ಅಡ್ಡಪಟ್ಟಿ ಬೇಕೇ ಬೇಕು, ಅದಕ್ಕೆ ಬೇರೆ ದುಡ್ಡು ಕೇಳುತ್ತಾರೆ. ಇದು ನನಗೆ ಹಿಡಿಸಲಿಲ್ಲ.

ಕೂರಿಸಿದ ಮೇಲೆ ಕೆಲಸ ಮಾತ್ರ ಚೆನ್ನಾಗಿ ಮಾಡುತ್ತದೆ. ಕತ್ತಲಲ್ಲಿ ಟಪ್ ಅಂತ ಸದ್ದು ಬರುತ್ತದೆ. ಹೋಗಿ ಟಾರ್ಚ್ ಬಿಟ್ಟು ನೋಡಿದರೆ ಬಲೆಯ ಒಂದು ಜಾಗದಲ್ಲಿ ಮಾತ್ರ ನೀರಿನ ಹನಿಗಳು ಜೋತಾಡುತ್ತಿರುತ್ತವೆ, ಹಾರಿದ ಮೀನು ಏನೂ ಗೊತ್ತಿಲ್ಲದವರ ಹಾಗೆ ಗುಂಪಿನಲ್ಲಿ ಸೇರಿಕೊಂಡಿರುತ್ತದೆ. ಬಲೆ ಸ್ವಲ್ಪ ಬಗ್ಗುವುದರಿಂದ ಮೂತಿಗೆ ಪೆಟ್ಟು ಕಮ್ಮಿ. ಗಾಜಿಗೆ ಗುದ್ದಿದರೆ ಮೂತಿ ಕೆಂಪಾಗುತ್ತದೆ, ಕೆಲವೊಮ್ಮೆ ಅಲ್ಲಿಂದ ಫಂಗಸ್ ಶುರುವಾಗುತ್ತದೆ.

ಈಗ ಆ ಮೂಲೆಯ ಕಥೆ. ಪೈಪ್ ಹೋಗಲಿ ಅಂತ ಎರಡು ಇಂಚಿನ ಚೌಕ ಜಾಗ ಬಿಟ್ಟಿದ್ದಾರೆ. ಕ್ಯಾನಿಸ್ಟರ್ ಫಿಲ್ಟರಿನ (ಟ್ಯಾಂಕಿನ ಹೊರಗೆ ಇಡುವ ಫಿಲ್ಟರ್) ಪೈಪು 16 ಎಂಎಂ. ಉಳಿದ ಜಾಗ ಪೂರ್ತಿ ಖಾಲಿ. ಮಾರಿದವರಿಗೆ ಮೆಸೇಜ್ ಮಾಡಿದರೆ, "ಸಣ್ಣ ಗ್ಯಾಪ್ ಸರ್, ಮೀನಿಗೆ ಕಾಣಲ್ಲ" ಅಂದರು. ಕಾಣಬೇಕಾಗಿಯೇ ಇಲ್ಲವಲ್ಲ ಸ್ವಾಮಿ! ಫಿಲ್ಟರಿನಿಂದ ನೀರು ಬೀಳುವುದು ಅಲ್ಲೇ. ಡೆನಿಸನ್, ಡೇನಿಯೋ ಥರದ ಮೀನುಗಳು ಹರಿವಿಗೆ ಎದುರಾಗಿ ಈಜುತ್ತವೆ, ಅಂದರೆ ದಿನದ ಬಹುಪಾಲು ಅದೇ ಮೂಲೆಯಲ್ಲಿ ಇರುತ್ತವೆ. ಇಡೀ ಟ್ಯಾಂಕ್ ಮುಚ್ಚಿ ಅವು ಜಾಸ್ತಿ ನಿಲ್ಲುವ ಜಾಗವನ್ನೇ ತೆರೆದು ಬಿಟ್ಟ ಹಾಗಾಯಿತು. ಉಳಿದ ಬಲೆಯ ತುಂಡನ್ನು ಪೈಪಿನ ಸುತ್ತ ಸುತ್ತಿ ಕೇಬಲ್ ಟೈ ಹಾಕಿದೆ, ಸಂದಿಗೆ ಫಿಲ್ಟರ್ ಸ್ಪಂಜು ತುರುಕಿದೆ. ನೋಡಲು ಚೆನ್ನಾಗಿಲ್ಲ, ಆದರೆ ಭದ್ರವಾಗಿದೆ. ಒಂದು ಜಾರುವ ಮುಚ್ಚಳ ಕೊಡುವುದಕ್ಕೆ ಇವರಿಗೆ ಏನು ಕಷ್ಟವೋ.

ಇನ್ನೊಂದು ಕಿರಿಕಿರಿ ಊಟ ಹಾಕುವುದು. ಸಣ್ಣ ಪೆಲೆಟ್ ಬಲೆಯ ಮೂಲಕ ಇಳಿಯುತ್ತದೆ. ಫ್ಲೇಕ್ಸ್ ಮೇಲೆಯೇ ಅಂಟಿಕೊಂಡು, ಒದ್ದೆಯಾಗಿ, ಒಣಗಿ, ಎಣ್ಣೆ ಜಿಡ್ಡಾಗಿ ವಾಸನೆ ಹೊಡೆಯುತ್ತದೆ. ದಿನಾ ಮುಚ್ಚಳ ಎತ್ತಿಯೇ ಊಟ ಹಾಕಬೇಕು. ಎತ್ತಿಟ್ಟದ್ದನ್ನು ತಕ್ಷಣ ಮುಚ್ಚಿ, ಊಟದ ಹೊತ್ತಲ್ಲೇ ಅವು ಜಾಸ್ತಿ ಎಗರುತ್ತವೆ.

ಗಾಜಿನ ಮುಚ್ಚಳ ಸಾಕಲ್ವಾ ಅಂತ ಕೇಳಬಹುದು. ಗಾಜಿನ ಅಂಗಡಿಯಲ್ಲಿ 5 ಎಂಎಂ ಗಾಜು ಕತ್ತರಿಸಿ ಅಂಚು ಉಜ್ಜಿಸಿದರೆ ಇದಕ್ಕಿಂತ ಅಗ್ಗ, ನೀರೂ ಅಷ್ಟಾಗಿ ಆವಿಯಾಗುವುದಿಲ್ಲ. ಆದರೆ ನಮ್ಮ ಬೋರ್‌ವೆಲ್ ನೀರಿನ ಹನಿ ಒಣಗಿ ಗಾಜಿನ ತುಂಬ ಬಿಳಿ ಕರೆ ಕಟ್ಟುತ್ತದೆ, ಗಿಡಗಳಿಗೆ ಬೆಳಕು ಕಮ್ಮಿಯಾಗುತ್ತದೆ, ಬೇಸಿಗೆಯಲ್ಲಿ ಬಿಸಿ ಒಳಗೇ ನಿಲ್ಲುತ್ತದೆ. ಬಲೆಗೆ ಈ ತಾಪತ್ರಯ ಇಲ್ಲ. ಬದಲಿಗೆ ಮಾರ್ಚ್, ಏಪ್ರಿಲ್‌ನಲ್ಲಿ ನೀರು ಬೇಗ ಇಳಿಯುತ್ತದೆ. ಆವಿಯಾಗುವುದು ಬರೀ ನೀರು, ಉಪ್ಪೆಲ್ಲ ಒಳಗೇ ಉಳಿಯುತ್ತದೆ. ಹಾಗಾಗಿ ಮತ್ತೆ ಬೋರ್‌ವೆಲ್ ನೀರನ್ನೇ ಸುರಿಯುತ್ತಾ ಹೋದರೆ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) ಏರುತ್ತದೆ. ಇಳಿದಷ್ಟಕ್ಕೆ ಆರ್‌ಒ ನೀರು ಹಾಕಿ. ಅಕ್ರಿಲಿಕ್ ಶೀಟ್ ಮಾತ್ರ ಬೇಡ, ಕೆಳಗೆ ತೇವ ಮೇಲೆ ಒಣ ಇದ್ದು ಬಿಲ್ಲಿನ ಹಾಗೆ ಬಾಗುತ್ತದೆ.

ಸ್ಪೈನಿ ಈಲ್, ಕೂಲಿ ಲೋಚ್ ಥರದ ಹಾವಿನಂತೆ ಉದ್ದನೆಯ ಮೀನು ಸಾಕುವವರು ಈ ಕಿಟ್ ತಗೋಬೇಡಿ. ಅವು ಹಾರುವುದಕ್ಕಿಂತ ಪೈಪ್ ಹಿಡಿದು ತೂರುವುದೇ ಜಾಸ್ತಿ, ಇಂಥ ಸಂದಿ ಅವಕ್ಕೆ ಧಾರಾಳ. ಚನ್ನಾ (ಸ್ನೇಕ್‌ಹೆಡ್), ಅರೋವಾನಾ ಥರದ ಜೋರಾಗಿ ಹಾರುವ ಮೀನು ಇದ್ದರೆ ಈ ಹಗುರ ಫ್ರೇಮ್ ಏನೇನೂ ಸಾಲದು, ಒಂದೇ ಏಟಿಗೆ ಎತ್ತಿ ಹಾಕುತ್ತವೆ. ಅವಕ್ಕೆ ಭಾರದ ಗಾಜು, ಮೇಲೊಂದು ಕ್ಲಿಪ್ ಬೇಕು. ಚನ್ನಾ ಮೇಲೆ ಬಂದು ಗಾಳಿ ಕುಡಿಯುವ ಮೀನು, ಅದಕ್ಕೆ ನೀರಿಗೂ ಗಾಜಿಗೂ ನಡುವೆ ಜಾಗ ಬಿಡಿ. ಇನ್ನು, ಇದ್ದಕ್ಕಿದ್ದಂತೆ ಮೀನುಗಳು ಪದೇ ಪದೇ ಹಾರುತ್ತಿದ್ದರೆ ನೀರು ಕೆಟ್ಟಿರಬಹುದು, ಮುಚ್ಚಳ ಹುಡುಕುವ ಮೊದಲು ನೀರಿನ ಅಮೋನಿಯಾ ಟೆಸ್ಟ್ ಮಾಡಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ತರಿಸುವವರು ಟ್ಯಾಂಕಿನ ಉದ್ದ ಅಗಲದ ಜೊತೆ ಗಾಜಿನ ದಪ್ಪವನ್ನೂ ಹೇಳಿ, ಕ್ಲಿಪ್ಪು ಅದರ ಮೇಲೆ ಕೂರಬೇಕು. ಬೀಡಿಂಗ್ ಒಂದು ಮೀಟರ್ ಜಾಸ್ತಿ ಕೇಳಿ, ಕೊಟ್ಟಿದ್ದು ಸರಿಯಾಗಿ ಒಂದು ಸುತ್ತಿಗೆ ಮಾತ್ರ ಬರುತ್ತದೆ.